ಮೂರು ಬಾಟಲಿ, ಹತ್ತು ವರ್ಷ

ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯ ಕೆಲವು ವೈನರಿಗಳು ತಮ್ಮ ಒಳ್ಳೆಯ ವೈನನ್ನು ಅಂಗಡಿಗೆ ಕಳಿಸುವುದು ಕಡಿಮೆ. ಹೆಸರು ಬರೆಸಿ ಕಾದವರಿಗೆ ನೇರವಾಗಿ ಮಾರುತ್ತವೆ. ಸರದಿ ಬಂದಾಗ ಕೊಳ್ಳದಿದ್ದರೆ ಪಟ್ಟಿಯಿಂದ ಹೆಸರು ಹೋಗಬಹುದು. ಪ್ರಾಜೆಕ್ಟಿಗಾಗಿ ಅಲ್ಲಿದ್ದಾಗ ನಾನೂ ಹೆಸರು ಬರೆಸಿದ್ದೆ. ಪುಣೆಗೆ ಮರಳಲು ಎರಡು ತಿಂಗಳಿರುವಾಗ ಸರದಿ ಬಂತು: ಮೂರು ಬಾಟಲಿ ಕೆಂಪು ವೈನ್, ಒಂದಕ್ಕೆ 200 ಡಾಲರ್.

ದುಡ್ಡು ಹೊಂದಿಸಬಹುದಿತ್ತು. ವಿಮಾನದಲ್ಲಿ ಬರುವಾಗ ಒಬ್ಬರು ಎರಡು ಲೀಟರ್ ಮದ್ಯವನ್ನಷ್ಟೇ ಸುಂಕವಿಲ್ಲದೆ ತರಬಹುದು. 750 ಮಿಲಿಲೀಟರಿನ ಮೂರು ಬಾಟಲಿ ಎಂದರೆ ಎರಡೂಕಾಲು ಲೀಟರ್. ಹೆಂಡತಿಯ ಪಾಲೂ ಇದ್ದುದರಿಂದ ಅದೂ ತೊಡಕಲ್ಲ.

ತೊಡಕಿದ್ದದ್ದು ಕಾಲದ ಲೆಕ್ಕದಲ್ಲಿ. ಇಂಥ ವೈನಿನ ಒಗರು ಇಳಿದು ರುಚಿ ಮಾಗಲು ಹತ್ತು ವರ್ಷವಾದರೂ ಬೇಕು. ಅಲ್ಲಿಯವರೆಗೆ ಅದು ಕತ್ತಲಲ್ಲಿ, ಸುಮಾರು 13 ಡಿಗ್ರಿ ತಂಪಿನಲ್ಲಿ, ಅಲುಗಾಡದೆ ಮಲಗಿರಬೇಕು. ನಾನೋ, ಇಪ್ಪತ್ತು ವರ್ಷದಲ್ಲಿ ಒಂಬತ್ತು ಬಾಡಿಗೆ ಮನೆ ಬದಲಿಸಿದವನು. ಪುಣೆಯ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಊರಲ್ಲಿ ಅಮ್ಮ ಉಪ್ಪಿನಕಾಯಿ ಭರಣಿಗೆ ಬಟ್ಟೆ ಕಟ್ಟಿ ಕತ್ತಲ ಮೂಲೆಯಲ್ಲಿಡುತ್ತಿದ್ದಳು. ಮುಂದಿನ ವರ್ಷವೂ ಅದೇ ಮನೆ, ಅದೇ ಮೂಲೆ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ನನಗೆ ಆ ಧೈರ್ಯವಿಲ್ಲ.

ಇನ್ನೊಂದು ಪ್ರಶ್ನೆ ಉಳಿದಿತ್ತು: ಆಸೆ ವೈನಿನ ಮೇಲೋ, ಸರದಿಯ ಮೇಲೋ? ಅದೇ ಬಾಟಲಿ ಅದೇ ಬೆಲೆಗೆ ಪಕ್ಕದ ಅಂಗಡಿಯಲ್ಲಿ ದಿನವೂ ಸಿಗುವಂತಿದ್ದರೆ ಕೊಳ್ಳುತ್ತಿದ್ದೆನೇ? ಇಲ್ಲ. ‘ಈಗಲ್ಲದಿದ್ದರೆ ಇನ್ನಿಲ್ಲ’ ಎಂಬ ಅವಸರಕ್ಕೇ ಅರ್ಧ ಬೆಲೆ ಕೊಡುತ್ತಿದ್ದೆ. ಡೆಡ್‌ಲೈನ್ ತೋರಿಸಿ ಕೆಲಸ ತೆಗೆಸುವುದೇ ನನ್ನ ವೃತ್ತಿ. ಆ ಅವಸರದ ಗುರುತು ನನಗೆ ಚೆನ್ನಾಗಿದೆ.

ಸರದಿ ಬಿಟ್ಟುಕೊಟ್ಟೆ. ನನ್ನ ಹಿಂದಿದ್ದವರಿಗೆ ಹತ್ತು ವರ್ಷ ಕದಲದ ಮನೆಯೊಂದಿರಲಿ.