ನಿಶಾನೆಯಿಲ್ಲದ ಬಲ

ಪುತ್ತೂರಿನ ಮಹಾಲಿಂಗೇಶ್ವರ ದೇವಾಲಯದ ಎದುರಿನ ದೇವರಮಾರು ಗದ್ದೆಯಲ್ಲಿ ಕೋಟಿ-ಚೆನ್ನಯ ಜೋಡುಕರೆ ಕಂಬಳ ನಡೆಯುವಾಗ, ಸುಳ್ಯ ಕಡಬಗಳಿಂದ ಬಂದ ಜನಸ್ತೋಮದ ನಡುವೆ ಕರೆಯ ಅಂಚಿನಲ್ಲಿ ನಿಂತು ಕನೆಹಲಗೆಯ ಓಟವನ್ನು ಕಂಡಾಗಲೆಲ್ಲ, ಹೆವಿವೇಯ್ಟ್ ಮುಷ್ಟಿಮಲ್ಲರ ಹೊಡೆತದ ನಿಜವಾದ ಬಲವೆಷ್ಟೆಂಬ ಹಳೆಯ ವಾಗ್ವಾದವು ನನ್ನ ನೆನಪಿಗೆ ಬರುತ್ತದೆ. ಕೋಣಗಳು ಎಳೆದ ಹಲಗೆಯ ತೂತುಗಳಿಂದ ಕೆಸರುನೀರು ಕಂಬದಂತೆ ಚಿಮ್ಮಿ, 6.5 ಕೋಲು ಎತ್ತರದಲ್ಲಿ ಕಟ್ಟಿದ ನಿಶಾನೆಯ ಬಟ್ಟೆ ತೊಯ್ದಿತೆಂದರೆ ಅಲ್ಲಿಗೆ ಚರ್ಚೆ ಮುಗಿಯಿತು. ಮುಷ್ಟಿಯುದ್ಧದಲ್ಲಿ ಅಂಥ ನಿಶಾನೆ ಎಲ್ಲಿದೆ?

1973ರಲ್ಲಿ ಕಿಂಗ್‌ಸ್ಟನ್ನಿನಲ್ಲಿ ಜೋ ಫ್ರೇಜಿಯರನನ್ನು ಎರಡೇ ಸುತ್ತುಗಳಲ್ಲಿ ಆರು ಬಾರಿ ನೆಲಕ್ಕುರುಳಿಸಿದ ಜಾರ್ಜ್ ಫೋರ್‌ಮನ್ನನ ಬಾಹುಬಲಕ್ಕೆ ಬೆರಗಾದ ಲೋಕವೇ, ಮರುವರ್ಷ ಕಿನ್ಶಾಸಾದಲ್ಲಿ ಮುಹಮ್ಮದ್ ಅಲಿಯು ಹಗ್ಗಕ್ಕೆ ಒರಗಿ ನಿಂತು, ತೋಳುಗಳನ್ನೇ ಕವಚವಾಗಿಸಿ ಅವೇ ಹೊಡೆತಗಳನ್ನು ಸಹಿಸಿ, ಎಂಟನೆಯ ಸುತ್ತಿನಲ್ಲಿ ಆತನನ್ನೇ ಕೆಡಹಿದುದನ್ನೂ ಕಂಡಿತು. ಹಾಗೆಂದು ಫೋರ್‌ಮನ್ನನ ಬಲ ಬರಿಯ ಭ್ರಮೆಯೆನ್ನಲು ನನ್ನ ಮನಸ್ಸೊಪ್ಪದು. 1994ರಲ್ಲಿ, 45ರ ವಯಸ್ಸಿನಲ್ಲಿ, ಅಂಕಗಳಲ್ಲಿ ಹಿಂದೆ ಬಿದ್ದಿದ್ದೂ, ಮೈಕೆಲ್ ಮೂರರನನ್ನು ಹತ್ತನೆಯ ಸುತ್ತಿನಲ್ಲಿ ಬಲಗೈಯಿಂದ ಕೆಡಹಿ ಪಟ್ಟವನ್ನು ಮರಳಿ ಪಡೆದವನು ಅವನೇ ಅಲ್ಲವೇ?

ಹೊಡೆತವು ಹುಟ್ಟುವುದು ತೋಳಿನಲ್ಲಲ್ಲ, ಅಂಗಾಲಿನಲ್ಲಿ. ಅಲ್ಲಿಂದ ತೊಡೆ, ಸೊಂಟ, ಹೆಗಲುಗಳನ್ನು ಏರಿ ಮುಷ್ಟಿಗೆ ಬರುವಷ್ಟರಲ್ಲಿ ದೇಹದ ಭಾರವೆಲ್ಲ ಅದರ ಬೆನ್ನಿಗಿರಬೇಕು, ಮೇಲಾಗಿ ಎದುರಾಳಿಗೆ ಅದರ ಸುಳಿವೂ ಸಿಗಬಾರದು. ಹಲಗೆಯ ಮೇಲೆ ಪಾದವೂರಿದವನ ಬಿಗಿದ ಮೀನಖಂಡಗಳನ್ನು ಕರೆಯ ಬದಿಯಿಂದ ನೋಡಿದಾಗ, ಆಕಾಶಕ್ಕೇರುವ ಆ ನೀರಿನ ಮೂಲವೂ ನನಗೆ ಅಲ್ಲಿಯೇ ಕಾಣುತ್ತದೆ.