ಬಾಣಂತನಕ್ಕೆ 90 ದಿನ

ಅಕ್ಟೋಬರ್ 14, 2025, ಮೈಸೂರು

ಸ್ಟುಟ್‌ಗಾರ್ಟ್‌ನಿಂದ ಮಗಳ ಫೋನ್. ಜನವರಿ 10ರ ಸುಮಾರಿಗೆ ಹೆರಿಗೆ ಅಂದಿದ್ದಾರಂತೆ ಡಾಕ್ಟರು. ನಮ್ಮ ಮನೆಯಲ್ಲಿ ಚೊಚ್ಚಲ ಬಾಣಂತನ ಅಂದರೆ ಐದು ತಿಂಗಳು. ಷೆಂಗೆನ್ ವೀಸಾದಲ್ಲಿ ಇರಬಹುದಾದದ್ದು ಯಾವುದೇ 180 ದಿನಗಳಲ್ಲಿ ಹೆಚ್ಚೆಂದರೆ 90. ಇಳಿದ ದಿನವೂ ಹೊರಟ ದಿನವೂ ಅದರಲ್ಲೇ ಸೇರಿತು. ಪಕ್ಕದ ಫ್ರಾನ್ಸಿಗೆ ಹೋಗಿ ಕೂತರೂ ಬಿಡುಗಡೆಯಿಲ್ಲ, ಷೆಂಗೆನ್‌ನ 29 ದೇಶಕ್ಕೂ ಒಂದೇ ಲೆಕ್ಕ.

ಕ್ಯಾಲೆಂಡರ್ ಹಿಡಿದು ಕೂತೆ. ಡಿಸೆಂಬರ್ 28ಕ್ಕೆ ಇಳಿದರೆ ಮಾರ್ಚ್ 27ಕ್ಕೆ ಹೊರಡಲೇಬೇಕು. ಇನ್ನೂ ಮುಂಚೆ ಹೋದರೆ ಬಸುರಿಯ ಜೊತೆಯಲ್ಲೇ ದಿನ ಕಳೆದುಹೋಗುತ್ತವೆ. ತಡ ಮಾಡಿದರೆ ನೋವು ನನ್ನ ವಿಮಾನಕ್ಕೆ ಕಾಯುವುದಿಲ್ಲ. 28ಕ್ಕೇ ಹೋಗುವುದು.

ಅಕ್ಟೋಬರ್ 26

ಮಗಳು ಅಲ್ಲಿನ ವಿದೇಶಿಯರ ಕಚೇರಿಯಿಂದ ನನ್ನ ಖರ್ಚೆಲ್ಲ ತನ್ನದೆಂಬ ಜವಾಬ್ದಾರಿ ಪತ್ರ ಮಾಡಿಸಿ ಕಳಿಸಿದ್ದಾಳೆ. ಕನಿಷ್ಠ 30,000 ಯೂರೋ ವಿಮೆ ಬೇಕು. ಅರ್ಜಿಗೆ 90 ಯೂರೋ, ತಿರಸ್ಕರಿಸಿದರೆ ಹಣ ವಾಪಸಿಲ್ಲ. ಪಿಂಚಣಿ ಪುಸ್ತಕ, ಮನೆ ಕಂದಾಯದ ರಸೀದಿ ಎಲ್ಲ ಜೋಡಿಸಿದೆ. ಇವು ನಾನು ತಿರುಗಿ ಬರುತ್ತೇನೆ ಎಂಬುದಕ್ಕೆ ಸಾಕ್ಷಿ. ಮಗಳಿಗೆ ಎಣ್ಣೆ ನೀರು ಹಾಕಲು ಹೋಗುವವಳು ಇದನ್ನು ರುಜುವಾತು ಮಾಡಬೇಕಾಗಿ ಬಂದದ್ದು ಮನಸ್ಸಿಗೆ ಚುಚ್ಚಿತು.

ನವೆಂಬರ್ 9

ಮಗ ನ್ಯೂಜೆರ್ಸಿಯಿಂದ ಮಾತಾಡಿದ. ಮಗು ನೋಡಲು ಫೆಬ್ರುವರಿಯಲ್ಲಿ ಅವನೂ ಬರುತ್ತಾನೆ. ಅವನದು ಅಮೆರಿಕದ ಪಾಸ್‌ಪೋರ್ಟ್, ವೀಸಾ ಬೇಡ. 90 ದಿನದ ಮಿತಿ ಮಾತ್ರ ಅವನಿಗೂ ಇದೆ. ಕಳೆದ ತಿಂಗಳು 12ರಿಂದ ಗಡಿಯಲ್ಲಿ ಬೆರಳಚ್ಚು, ಮುಖದ ಚಿತ್ರ ದಾಖಲಿಸುವ ಹೊಸ ವ್ಯವಸ್ಥೆ ಶುರುವಾಗಿದೆ. ಪಾಸ್‌ಪೋರ್ಟಿಗೆ ಮುದ್ರೆ ಒತ್ತುವುದು ಹಂತಹಂತವಾಗಿ ನಿಲ್ಲುತ್ತದಂತೆ. 2026ರ ಕೊನೆಯ ಹೊತ್ತಿಗೆ ಅವನಂಥವರೂ ಹೊರಡುವ ಮುಂಚೆಯೇ 'ಎಟಿಯಾಸ್' ಎಂಬ ಅನುಮತಿ ಪಡೆಯಬೇಕು. ಆನ್‌ಲೈನ್ ಅರ್ಜಿ, 20 ಯೂರೋ, ಮೂರು ವರ್ಷ ಚಾಲ್ತಿ.

"ನಮಗೂ ಕಷ್ಟ ಶುರುವಾಯ್ತಮ್ಮ" ಅಂದ. ಅವನದು ಮನೆಯಲ್ಲೇ ಕೂತು ತುಂಬುವ ಅರ್ಜಿ; ನನ್ನದು ಬೆರಳಚ್ಚಿಗಾಗಿ ಬೆಂಗಳೂರಿಗೆ ಓಡಾಟ. ಯಾರು ಬರುತ್ತಾರೆಂದು ವಿಚಾರಿಸುವುದು ಆ ದೇಶಗಳ ಹಕ್ಕು, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ತಾಯಿಗೂ ಪ್ರವಾಸಿಗೂ ಒಂದೇ ಅಳತೆ ಇಟ್ಟಿರುವುದು ಸರಿಯಲ್ಲ.

ಡಿಸೆಂಬರ್ 3

ವೀಸಾ ಬಂತು! ಪೂರಾ 90 ದಿನ ಕೊಟ್ಟಿದ್ದಾರೆ. ಸಂಜೆಯೇ ಬೀಗಿತ್ತಿಗೆ ಫೋನ್ ಮಾಡಿದೆ. ಉಳಿದ ಬಾಣಂತನ ನೋಡಿಕೊಳ್ಳಲು ಮಾರ್ಚ್ 20ಕ್ಕೆ ಅವರು ಅಲ್ಲಿ ಇಳಿಯಬೇಕು, ಒಂದು ವಾರ ಇಬ್ಬರೂ ಒಟ್ಟಿಗಿದ್ದು ಕೂಸಿನ ಅಭ್ಯಾಸವೆಲ್ಲ ತಿಳಿಸಿ ಬರುತ್ತೇನೆ. ಆರು ತಿಂಗಳು ಮುಂಚಿನಿಂದಲೇ ಅರ್ಜಿ ತೆಗೆದುಕೊಳ್ಳುತ್ತಾರೆ. ನಾಳೆಯೇ ಅವರ ಕಾಗದಪತ್ರ ಹೊಂದಿಸಲು ಕೂರುತ್ತೇವೆ.