ಹಿಮ ಬೀಳುವುದಕ್ಕೆ ಮುನ್ನ

ಮೂವತ್ತು ವರ್ಷಗಳ ಕಾಲ ನಾನು ಶಾಲೆಯ ಮಕ್ಕಳಿಗೆ ಪಂಚತಂತ್ರದ ಮೂರು ಮೀನುಗಳ ಕಥೆಯನ್ನು ಹೇಳಿದವನು. ಬರಲಿರುವುದನ್ನು ಮೊದಲೇ ಅರಿತು ಏರ್ಪಾಡು ಮಾಡಿಕೊಳ್ಳುವ ಅನಾಗತವಿಧಾತ, ಸಮಯಸ್ಫೂರ್ತಿಯಿಂದ ಪಾರಾಗುವ ಪ್ರತ್ಯುತ್ಪನ್ನಮತಿ, ಆದದ್ದಾಗಲೆಂದು ಕುಳಿತು ಕೆಡುವ ಯದ್ಭವಿಷ್ಯ. ಇವರಲ್ಲಿ ನಾನು ಯಾರೆಂಬುದು ನನಗೆ ತಿಳಿದದ್ದು ಅರವತ್ತು ಕಳೆದ ಮೇಲೆ, ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ.

ನಾನು ಮಗನ ಮನೆಗೆ ಹೋಗಿದ್ದುದು ಕಾರ್ತಿಕ ಮಾಸದಲ್ಲಿ. ಮರಗಳು ಎಲೆಯುದುರಿಸಿ ನಿಂತಿದ್ದುವು, ಹಿಮವಿನ್ನೂ ಬಿದ್ದಿರಲಿಲ್ಲ. ಒಂದು ಭಾನುವಾರ ಮಗನು ಕಾರಿನ ನಾಲ್ಕು ಚಕ್ರಗಳನ್ನೂ ಕಳಚಿ, ಚಳಿಗಾಲದ ಟೈರುಗಳುಳ್ಳ ಬೇರೆ ಚಕ್ರಗಳನ್ನು ತೊಡಿಸಲುಪಕ್ರಮಿಸಿದನು. "ಸವೆಯದ ಟೈರನ್ನು ತೆಗೆಯುವುದೇಕಪ್ಪ?" ಎಂದು ಕೇಳಿದೆನು.

"ಉಷ್ಣತೆಯು ೭ ಡಿಗ್ರಿಗಿಂತ ಕೆಳಗಿಳಿದರೆ ಬೇಸಗೆಯ ಟೈರಿನ ರಬ್ಬರು ಗಡುಸಾಗಿ ನೆಲವನ್ನು ಸರಿಯಾಗಿ ಹಿಡಿಯುವುದಿಲ್ಲ, ಅಪ್ಪ. ಇದರ ರಬ್ಬರು ಚಳಿಯಲ್ಲಿಯೂ ಮೆದುವಾಗಿರುತ್ತದೆ" ಎಂದನು. ಕ್ವಿಬೆಕ್ ಪ್ರಾಂತ್ಯದಲ್ಲಿ ೨೦೦೮ರಿಂದ ಇದು ಶಾಸನವೇ ಆಗಿದೆ. ಈಗ ಡಿಸೆಂಬರ್ ೧ರಿಂದ ಮಾರ್ಚ್ ೧೫ರವರೆಗೆ ಇಂಥ ಟೈರಿಲ್ಲದೆ ಅಲ್ಲಿಯವರು ತಮ್ಮ ಕಾರನ್ನು ಬೀದಿಗೆ ತರುವಂತಿಲ್ಲ.

ಬಳಿಕ ಬ್ಯಾಟರಿಯ ಪರೀಕ್ಷೆ. ಕಡುಚಳಿಯಲ್ಲಿ ಅದರ ಬಲವು ಕುಗ್ಗುವುದು. ಎಣ್ಣೆ ಮಂದವಾದ ಎಂಜಿನ್ನಾದರೋ ಆಗಲೇ ಹೆಚ್ಚು ಬಲವನ್ನು ಬೇಡುವುದು. ಆಮೇಲೆ ಎಂಜಿನ್ನನ್ನು ತಂಪಾಗಿಡುವ ದ್ರವ. ಬರಿಯ ನೀರು ಹೆಪ್ಪುಗಟ್ಟಿ ಹಿಗ್ಗಿದರೆ ಲೋಹವನ್ನೂ ಸೀಳುವುದು; ಸಮಪಾಲು ಗ್ಲೈಕಾಲ್ ಬೆರಸಿದರೆ ಶೂನ್ಯಕ್ಕೆ ೩೫ ಡಿಗ್ರಿ ಕೆಳಗೂ ಹೆಪ್ಪುಗಟ್ಟದು. ಅದು ಸಿಹಿಯಾದ ವಿಷ. ಡಬ್ಬಿಯನ್ನು ಮೊಮ್ಮಗನ ಕೈಗೆಟುಕದಂತೆ ಎತ್ತಿಟ್ಟನು. ಕೊನೆಗೆ ಡಿಕ್ಕಿಯಲ್ಲಿ ಸಲಿಕೆ, ಮರಳಿನ ಚೀಲ, ಕಂಬಳಿಗಳನ್ನು ತುಂಬಿದನು.

"ಪೇಟೆಗೆ ಹೋಗಿಬರುವುದಕ್ಕೆ ದಂಡಯಾತ್ರೆಯ ಸನ್ನಾಹವೇ!" ಎಂದು ನಾನು ನಕ್ಕೆನು. ಮಗನೂ ನಕ್ಕನು, ಕೆಲಸವನ್ನು ಮಾತ್ರ ನಿಲ್ಲಿಸಲಿಲ್ಲ.

ಜನವರಿಯ ಒಂದು ಸಂಜೆ ಊರಾಚೆಯಿಂದ ಮರಳುತ್ತಿದ್ದಾಗ ಹಿಮಗಾಳಿಯೆದ್ದಿತು. ಮುಂದಿನ ವಾಹನಗಳೆಲ್ಲ ನಿಂತುವು, ನಾವೂ ನಿಂತೆವು. ಎಂಜಿನ್ ನಡೆಯುತ್ತಿದ್ದುದರಿಂದ ಒಳಗೆ ಬೆಚ್ಚಗಿತ್ತು. ಮೊಮ್ಮಗನು ನನ್ನ ಪಕ್ಕದಲ್ಲಿ ನಿದ್ರೆಹೋಗಿದ್ದನು. ಮಗನು ಸಲಿಕೆ ಹಿಡಿದು ಇಳಿದನು. ಮುಂದೆ ದಾರಿ ಬಿಡಿಸುವನೆಂದು ಎಣಿಸಿದ್ದೆನು; ಅವನು ಹಿಂದಕ್ಕೆ ಹೋಗಿ ಹೊಗೆಕೊಳವೆಯ ಸುತ್ತಣ ಹಿಮವನ್ನು ತೆಗೆದು, ಒಳಗೆ ಬಂದು ಎಂಜಿನ್ನನ್ನೇ ನಿಲ್ಲಿಸಿಬಿಟ್ಟನು.

"ಮಗುವಿಗೆ ಚಳಿಯಾದೀತಲ್ಲ!" ಎಂದೆನು.

"ಕೊಳವೆ ಮುಚ್ಚಿದರೆ ವಿಷಾನಿಲವು ಒಳಕ್ಕೆ ಬರುತ್ತದೆ, ಅಪ್ಪ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೋಡುವವರಿಗೆ ನಿದ್ರೆಯೆಂದೇ ತೋರುತ್ತದೆ."

ನಾನು ಮಾತಾಡದೆ ಮಗುವಿನ ಮೂಗಿನ ಬಳಿ ಕೈಯಿಟ್ಟು ನೋಡಿದೆನು. ಉಸಿರು ನೆಟ್ಟಗೆ ಆಡುತ್ತಿತ್ತು. ನಾನೊಬ್ಬನೇ ಇದ್ದಿದ್ದರೆ, ಮಗುವಿಗೆ ಚಳಿಯಾಗಬಾರದೆಂಬ ಮಮತೆಯಿಂದಲೇ, ಗಾಜು ಮುಚ್ಚಿ ಎಂಜಿನ್ನನ್ನು ನಡೆಸುತ್ತ ಕುಳಿತಿರುತ್ತಿದ್ದೆನು. ಅಂದು ನಕ್ಕಿದ್ದ ಕಂಬಳಿಯನ್ನೇ ಅವನಿಗೆ ಹೊದಿಸಿದೆನು. ದಾರಿ ಬಿಡುವವರೆಗೂ ಮಗನು ಆಗಾಗ ಇಳಿದು ಕೊಳವೆಯನ್ನು ಬಿಡಿಸಿ, ಹತ್ತು ನಿಮಿಷ ಎಂಜಿನ್ ನಡೆಸಿ, ಮತ್ತೆ ನಿಲ್ಲಿಸುತ್ತಿದ್ದನು.

ಈಗ ಊರಿನಲ್ಲಿದ್ದೇನೆ. ಕಾರ್ತಿಕ ಬಂದೊಡನೆ ದೂರವಾಣಿಯಲ್ಲಿ ನಾನು ಮೊದಲು ಕೇಳುವುದು ಕ್ಷೇಮಸಮಾಚಾರವನ್ನಲ್ಲ, "ಟೈರು ಬದಲಾಯಿಸಿದೆಯೇನಪ್ಪ?" ಎಂದು.